ಮನೆಯ ಅಕ್ವೇರಿಯಂನಲ್ಲಿ ಮ್ಯಾಕ್ರೋ: ಹವಳಕ್ಕೆ ಯಾವುದು, ಮೀನಿಗೆ ಯಾವುದು?

ಅಕ್ವೇರಿಯಂ ಇಟ್ಟವರು ಕ್ಯಾಮೆರಾ ಕೈಗೆತ್ತಿಕೊಂಡ ಕೂಡಲೇ ಕೇಳುವ ಪ್ರಶ್ನೆ ‘ಯಾವ ಮ್ಯಾಕ್ರೋ ಲೆನ್ಸ್ ತಗೊಳ್ಳಲಿ?’ ಎಂಬುದು (ಮ್ಯಾಕ್ರೋ ಎಂದರೆ ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ಸೆರೆಹಿಡಿಯುವುದು). ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. 60 ಮಿ.ಮೀ. ಮ್ಯಾಕ್ರೋ ಲೆನ್ಸ್ ಕೊಂಡು ತಂದು ಟ್ಯಾಂಕಿನ ಮುಂದೆ ಕೂತ ಮೇಲೆ ಗೊತ್ತಾಯಿತು, ಯಾವ ಅಕ್ರೋಪೊರಾ ಹವಳದ ತುದಿಗಾಗಿ ಅದನ್ನು ಕೊಂಡಿದ್ದೆನೋ ಅದು ಗಾಜಿನಿಂದ ಒಂದು ಗೇಣಿಗೂ ಹೆಚ್ಚು ಒಳಗಿತ್ತು. ಲೆನ್ಸಿನ ಮೂತಿ ಗಾಜಿಗೆ ತಾಗಿದರೂ ಹವಳ ಚೌಕಟ್ಟಿನಲ್ಲಿ ಚಿಕ್ಕದಾಗಿಯೇ ಉಳಿಯಿತು. ಲೆನ್ಸ್ ಚೆನ್ನಾಗಿಯೇ ಇತ್ತು. ಕೊಳ್ಳುವ ಮೊದಲು ಒಂದು ಸ್ಕೇಲು ಹಿಡಿದು ಅಳೆಯಬೇಕಿತ್ತು, ಅಳೆದಿರಲಿಲ್ಲ.

ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ತಿರುಗಿ ಕೇಳುವುದು ಒಂದೇ: ನಿಮಗೆ ಹೆಚ್ಚು ಇಷ್ಟ ಹವಳವೋ, ಮೀನೋ? ಎರಡೂ ಒಂದೇ ಗಾಜಿನ ಹಿಂದೆ ಇದ್ದರೂ ಅವುಗಳ ಫೋಟೋ ತೆಗೆಯುವುದು ಎರಡು ಬೇರೆ ಕೆಲಸ. ಹವಳ ಕೂತಲ್ಲೇ ಕೂತಿರುತ್ತದೆ, ಅದನ್ನು ಅಲುಗಿಸುವುದು ನೀರು. ಅದರ ಅಂದವೆಲ್ಲ ನೀಲಿ ಬೆಳಕಿನಲ್ಲಿದೆ. ಮೀನು ತಾನಾಗಿ ಓಡಾಡುತ್ತದೆ, ಅದರ ಹುರುಪೆಗಳ ಬಣ್ಣ ಬಿಳಿ ಬೆಳಕಿನಲ್ಲಿ ಬಿಚ್ಚಿಕೊಳ್ಳುತ್ತದೆ. ಒಂದಕ್ಕೆ ಬೇಕಾದ ಲೆನ್ಸ್, ಬೆಳಕು, ಟ್ರೈಪಾಡ್ ಇನ್ನೊಂದಕ್ಕೆ ಬಹಳ ಸಲ ಅಡ್ಡಿಯೇ ಆಗುತ್ತವೆ. ಹಾಗಾಗಿ ಕೆಳಗೆ ಹೋಲಿಸಿರುವ ಪ್ರತಿ ಆಯ್ಕೆಯನ್ನೂ ಈ ಎರಡು ಕಣ್ಣುಗಳಿಂದ ನೋಡಿದ್ದೇನೆ.

ಮೊದಲು ಸ್ಕೇಲು, ಆಮೇಲೆ ಲೆನ್ಸ್

ಲೆನ್ಸಿನ ಮುಂತುದಿಯಿಂದ ವಸ್ತುವಿನವರೆಗೆ ಉಳಿಯುವ ಜಾಗವನ್ನು ಇಲ್ಲಿ ‘ಮೂತಿ ದೂರ’ ಎಂದು ಕರೆಯುತ್ತೇನೆ. ಲೆನ್ಸಿನ ವಿವರಪಟ್ಟಿಯಲ್ಲಿ ಬರೆದಿರುವ ಕನಿಷ್ಠ ಫೋಕಸ್ ದೂರವೇ ಬೇರೆ, ಅದನ್ನು ಕ್ಯಾಮೆರಾದೊಳಗಿನ ಸೆನ್ಸರ್‌ನಿಂದ ಅಳೆದಿರುತ್ತಾರೆ. 30 ಸೆಂ.ಮೀ. ಎಂದು ಬರೆದಿರುವ 100 ಮಿ.ಮೀ. ಮ್ಯಾಕ್ರೋದ ಮೂತಿ ದೂರ ಸುಮಾರು 14 ಸೆಂ.ಮೀ. ಮಾತ್ರ. ಅಂಗಡಿಯಲ್ಲಿ ಈ ಎರಡನ್ನು ಒಂದೇ ಎಂದುಕೊಂಡು ಮೋಸ ಹೋಗುವವರು ಬಹಳ.

ಇಲ್ಲಿ ನೀರು ನಮಗೊಂದು ಉಪಕಾರ ಮಾಡುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33 ಆದ್ದರಿಂದ ಗಾಜಿನ ಹಿಂದಿನ ವಸ್ತು ನಿಜವಾದ ದೂರದ ಮುಕ್ಕಾಲು ಪಾಲಿನಲ್ಲೇ ಇರುವಂತೆ ಲೆನ್ಸಿಗೆ ಕಾಣುತ್ತದೆ. 12 ಸೆಂ.ಮೀ. ನೀರು 9 ಸೆಂ.ಮೀ. ಆದ ಹಾಗೆ. ಮೂತಿಯನ್ನು ಗಾಜಿಗೆ ಒತ್ತಿಟ್ಟರೆ 14 ಸೆಂ.ಮೀ. ಮೂತಿ ದೂರದ ಲೆನ್ಸ್ ಒಳಗೆ 17–18 ಸೆಂ.ಮೀ.ವರೆಗೆ 1:1 ಅಳತೆಯಲ್ಲಿ ತಲುಪುತ್ತದೆ. 1:1 ಎಂದರೆ ವಸ್ತು ಎಷ್ಟು ದೊಡ್ಡದೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಮೂಡುವುದು. ಫುಲ್ ಫ್ರೇಮ್ ಸೆನ್ಸರ್‌ನ ಅಗಲ 36 ಮಿ.ಮೀ. ಇರುವುದರಿಂದ 36 ಮಿ.ಮೀ. ಅಗಲದ ತುಣುಕು ಇಡೀ ಚೌಕಟ್ಟನ್ನು ತುಂಬುತ್ತದೆ.

ಈಗ ಮೀನಿನ ಲೆಕ್ಕ ಹಾಕಿ ನೋಡಿ. 8 ಸೆಂ.ಮೀ. ಉದ್ದದ ಕ್ಲೌನ್ ಫಿಶ್ ಫುಲ್ ಫ್ರೇಮ್ ಅಗಲವನ್ನು ತುಂಬಲು 1:2ಕ್ಕಿಂತ ಕಡಿಮೆ ಹಿಗ್ಗುವಿಕೆ ಸಾಕು. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್‌ಗೆ 1:3ಕ್ಕೂ ಸ್ವಲ್ಪ ಕಡಿಮೆಯೇ ಸಾಕು. ಮೀನಿನ ಪೂರ್ತಿ ದೇಹವಷ್ಟೇ ಬೇಕೆನ್ನುವವರಿಗೆ 1:1 ಲೆನ್ಸಿನ ಅಗತ್ಯವೇ ಇಲ್ಲ. ಹತ್ತಿರಕ್ಕೆ ಫೋಕಸ್ ಆಗುವ, ಚುರುಕಾಗಿ ಫೋಕಸ್ ಹಿಡಿಯುವ ಯಾವ ಲೆನ್ಸ್ ಆದರೂ ನಡೆಯುತ್ತದೆ. ಬೆರಳುಗುರಿನಷ್ಟಿರುವ ಜೋವಾಂತಿಡ್ ಹವಳದ ಪಾಲಿಪ್ (ಹವಳದ ಒಂದೊಂದು ಬಿಡಿ ಜೀವಿ), ಒಂದೆರಡು ಮಿಲಿಮೀಟರ್‌ನ ಅಕ್ರೋಪೊರಾ ಪಾಲಿಪ್, ಗೋಬಿ ಮೀನಿನ ಕಣ್ಣು, ಇವಕ್ಕೆ ಮಾತ್ರ 1:1 ಬೇಕೇ ಬೇಕು.

60, 100, 180: ಮ್ಯಾಕ್ರೋ ಲೆನ್ಸ್‌ಗಳೊಳಗೆ

60 ಮಿ.ಮೀ. ಲೆನ್ಸ್ ಹಗುರ, ಕೈಯಲ್ಲಿ ಹಿಡಿದು ತೆಗೆಯಲು ಸುಲಭ. ಆದರೆ ಮೂತಿ ದೂರ ಮಾಡೆಲ್ ನೋಡಿಕೊಂಡು 5ರಿಂದ 10 ಸೆಂ.ಮೀ. ಅಷ್ಟೆ. ಚಿಕ್ಕ ಟ್ಯಾಂಕ್, ಮುಂಗಾಜಿನ ಹತ್ತಿರವೇ ಕೂರಿಸಿದ ಹವಳದ ತುಂಡುಗಳು ಇದ್ದರೆ ಇದು ಸಾಕು. 180 ಮಿ.ಮೀ.ಗೆ 24 ಸೆಂ.ಮೀ. ಆಸುಪಾಸಿನ ಮೂತಿ ದೂರ ಸಿಗುತ್ತದೆ, ಆದರೆ ಭಾರ. ಟ್ರೈಪಾಡ್ ಇಲ್ಲದೆ ಅದರ ಮಾತೇ ಬೇಡ. ಓಡಾಡುವ ಮೀನನ್ನು ಅದರಲ್ಲಿ ಹಿಂಬಾಲಿಸುವುದು ತೋಳಿಗೂ ತಾಳ್ಮೆಗೂ ಕಷ್ಟ.

ಮಧ್ಯದ 90ರಿಂದ 105 ಮಿ.ಮೀ. ಲೆನ್ಸ್‌ಗಳೇ ಹೆಚ್ಚಿನವರಿಗೆ ಸರಿ. ಹವಳಕ್ಕೂ ಮೀನಿಗೂ ನಡೆಯುವ ಒಂದೇ ಒಂದು ಲೆನ್ಸ್ ಹೇಳು ಎಂದರೆ ನಾನು ಹಿಂದೆಮುಂದೆ ನೋಡದೆ ಇದನ್ನೇ ಹೇಳುತ್ತೇನೆ. ಕ್ಯಾನನ್ 100, ನಿಕಾನ್ 105, ಟ್ಯಾಮ್ರಾನ್ 90, ಸಿಗ್ಮಾ 105 ಇವುಗಳ ನಡುವೆ ಚಿತ್ರದ ಚೂಪಿನಲ್ಲಿ ಅಕ್ವೇರಿಯಂನಲ್ಲಿ ಕಾಣುವಂಥ ವ್ಯತ್ಯಾಸವಿಲ್ಲ, ಏಕೆಂದರೆ ನಡುವೆ ಇರುವ ಗಾಜು, ನೀರು ಆ ವ್ಯತ್ಯಾಸವನ್ನು ನುಂಗಿಹಾಕುತ್ತವೆ. ನಿಮ್ಮ ಕ್ಯಾಮೆರಾಕ್ಕೆ ಹೊಂದುವ, ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಲೆನ್ಸ್ ಸಿಕ್ಕರೂ ಧೈರ್ಯವಾಗಿ ತೆಗೆದುಕೊಳ್ಳಿ. ಲೆನ್ಸಿನೊಳಗಿನ ಅಲುಗಾಟ ತಡೆ ನಿಮ್ಮ ಕೈ ನಡುಗಿದ್ದನ್ನು ತಡೆಯುತ್ತದೆ, ನೀರಿನಲ್ಲಿ ತೂಗುವ ಪಾಲಿಪನ್ನು ತಡೆಯುವುದಿಲ್ಲ. ಆ ಒಂದು ಸೌಲಭ್ಯಕ್ಕಾಗಿಯೇ ಹೆಚ್ಚು ಹಣ ಕೊಡಬೇಡಿ.

1:1 ದಾಟಿ ಹೋಗುವ ಲೆನ್ಸ್‌ಗಳೂ ಇವೆ. ಕ್ಯಾನನ್‌ನ ಎಂಪಿ-ಇ 65 ಮಿ.ಮೀ. ಐದು ಪಟ್ಟು ಹಿಗ್ಗಿಸುತ್ತದೆ, ಆದರೆ ಆ ಹಂತದಲ್ಲಿ ಮೂತಿ ದೂರ ಸುಮಾರು 4 ಸೆಂ.ಮೀ. ಗಾಜಿನ ದಪ್ಪ ಕಳೆದರೆ ಉಳಿಯುವುದು ಅಂಗೈ ಅಗಲವೂ ಅಲ್ಲ. ಕಲಿಯುವವರ ಕೈಗೆ ಇದು ಬೇಡ.

ಇರುವ ಲೆನ್ಸಿಗೇ ಮ್ಯಾಕ್ರೋ ಕೊಡುವ ದಾರಿಗಳು

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ಆಯ್ಕೆ ಇದು, ಬಹಳ ಜನ ನೋಡದೆ ದಾಟಿಹೋಗುವುದೂ ಇದನ್ನೇ. ಕ್ಯಾಮೆರಾದ ಜೊತೆ ಬರುವ 55–250ರಂಥ ಟೆಲಿ ಝೂಮ್ ನಿಮ್ಮಲ್ಲಿ ಇದ್ದೇ ಇರಬಹುದು. ಅದರ ಮುಂದೆ ಕ್ಲೋಸ್-ಅಪ್ ಲೆನ್ಸ್ ಸಿಕ್ಕಿಸಿದರೆ ಮ್ಯಾಕ್ರೋ ಸಿಕ್ಕಿತು. ರೇನಾಕ್ಸ್ ಡಿಸಿಆರ್-150 ಎಂಬುದು 4.8 ಡಯಾಪ್ಟರ್ (ಲೆನ್ಸಿನ ಶಕ್ತಿಯ ಅಳತೆ), ಡಿಸಿಆರ್-250 ಎಂಬುದು 8 ಡಯಾಪ್ಟರ್. ಲೆಕ್ಕ ಸುಲಭ: ಮುಖ್ಯ ಲೆನ್ಸನ್ನು ಅನಂತಕ್ಕೆ ಫೋಕಸ್ ಮಾಡಿಟ್ಟರೆ ಮೂತಿ ದೂರ 1000 ಮಿ.ಮೀ.ಯನ್ನು ಡಯಾಪ್ಟರ್‌ನಿಂದ ಭಾಗಿಸಿದಷ್ಟು. 150ರಲ್ಲಿ ಅದು ಸುಮಾರು 21 ಸೆಂ.ಮೀ., 250ರಲ್ಲಿ 12.5 ಸೆಂ.ಮೀ. ಝೂಮನ್ನು 200 ಮಿ.ಮೀ.ಗೆ ಇಟ್ಟು 150 ಸಿಕ್ಕಿಸಿದರೆ ಹೆಚ್ಚುಕಡಿಮೆ 1:1 ಬರುತ್ತದೆ. ಅಂದರೆ 100 ಮಿ.ಮೀ. ಮ್ಯಾಕ್ರೋಗಿಂತ ಹೆಚ್ಚಿನ ಮೂತಿ ದೂರದಲ್ಲಿ ಅದೇ ಅಳತೆಯ ಚಿತ್ರ! ನನ್ನ ಆ ಹಿಂಬದಿಯ ಅಕ್ರೋಪೊರಾ ಕೊನೆಗೂ ಸೆರೆ ಸಿಕ್ಕಿದ್ದು ಹೀಗೆ. ಅಂಚುಗಳು ಸ್ವಲ್ಪ ಮಂಕಾಗುತ್ತವೆ ನಿಜ. ಆದರೆ ಪಾಲಿಪ್ ನಡುವೆ ಇದ್ದು ಸುತ್ತಲೂ ಕತ್ತಲಿರುವ ಚಿತ್ರದಲ್ಲಿ ಅಂಚನ್ನು ಯಾರು ನೋಡುತ್ತಾರೆ? ತೊಂದರೆಯೆಂದರೆ, ಇದು ಫೋಕಸ್ ಆಗುವ ದೂರದ ಹರವು ತೀರಾ ಕಡಿಮೆ. ಮೀನು ಆ ಪಟ್ಟಿಯೊಳಗೆ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಹವಳಕ್ಕೆ ಹೇಳಿಮಾಡಿಸಿದ್ದು, ಮೀನಿಗೆ ಅಷ್ಟಕ್ಕಷ್ಟೆ.

ಎಕ್ಸ್‌ಟೆನ್ಶನ್ ಟ್ಯೂಬ್ ಎಂದರೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ ಟೊಳ್ಳು ಬಳೆ. ಒಳಗೆ ಗಾಜಿಲ್ಲ, ಕೆಡುವಂಥದ್ದೂ ಏನಿಲ್ಲ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (ಲೆನ್ಸಿನ ಹೆಸರಿನಲ್ಲಿರುವ ಮಿ.ಮೀ. ಸಂಖ್ಯೆ) ಭಾಗಿಸಿದರೆ ಎಷ್ಟು ಹಿಗ್ಗುತ್ತದೆಂದು ತಿಳಿಯುತ್ತದೆ: 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ಅರ್ಧ ಪಟ್ಟು. ಉದ್ದ ಲೆನ್ಸಿಗೆ ಉದ್ದ ಟ್ಯೂಬೇ ಬೇಕು, ಬೆಳಕೂ ಕಡಿಮೆಯಾಗುತ್ತದೆ. 50 ಮಿ.ಮೀ. ಲೆನ್ಸ್ ಬಿಟ್ಟರೆ ಬೇರೇನೂ ಇಲ್ಲದವರಿಗೆ ಇದು ಒಳ್ಳೆಯ ಆರಂಭ. ಕೊಳ್ಳುವಾಗ ವಿದ್ಯುತ್ ಸಂಪರ್ಕದ ಪಿನ್ನುಗಳಿರುವ ಟ್ಯೂಬನ್ನೇ ಕೊಳ್ಳಿ, ಇಲ್ಲದಿದ್ದರೆ ಇಂದಿನ ಲೆನ್ಸ್‌ಗಳ ಅಪರ್ಚರ್ (ಬೆಳಕು ಒಳಬಿಡುವ ಕಂಡಿ) ನಿಮ್ಮ ಮಾತು ಕೇಳುವುದಿಲ್ಲ. ಲೆನ್ಸನ್ನು ಉಲ್ಟಾ ತಿರುಗಿಸಿ ಹಾಕುವ ಪದ್ಧತಿಯೂ ಇದೆ. ಹೂವು, ಕೀಟಕ್ಕೆ ಚೆನ್ನ, ಗಾಜಿನ ಹಿಂದಿನ ಹವಳಕ್ಕೆ ಮೂತಿ ದೂರ ಸಾಲದು.

ಮೊಬೈಲ್ ಮತ್ತು ನೀರಿಗಿಳಿಯುವ ಕ್ಯಾಮೆರಾ

ಮೊಬೈಲ್‌ನ ಮ್ಯಾಕ್ರೋ ಮೋಡ್ ಮೇಜಿನ ಮೇಲಿನ ವಸ್ತುವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. 2021ರ ಐಫೋನ್ 13 ಪ್ರೊ 2 ಸೆಂ.ಮೀ.ವರೆಗೆ ಫೋಕಸ್ ಮಾಡಬಲ್ಲದು. ಆದರೆ 1 ಸೆಂ.ಮೀ. ದಪ್ಪದ ಗಾಜು ನಡುವೆ ಬಂದಾಗ ಒಳಗೆ ಉಳಿಯುವುದು ಎರಡು ಸೆಂ.ಮೀ.ಗಿಂತ ಕಡಿಮೆ ನೀರು. ಗಾಜಿಗೇ ಅಂಟಿಕೊಂಡು ಬೆಳೆದ ಜೋವಾಂತಿಡ್, ಗಾಜಿನ ಮೇಲೆ ಹರಿದಾಡುವ ಬಸವನಹುಳು, ಇಂಥವಕ್ಕೆ ಸಾಕು. ಉಳಿದದ್ದಕ್ಕೆ ಮೊಬೈಲ್‌ನ 2ಎಕ್ಸ್ ಅಥವಾ 3ಎಕ್ಸ್ ಕ್ಯಾಮೆರಾ ಬಳಸಿ, ಆಮೇಲೆ ಕತ್ತರಿಸಿಕೊಳ್ಳುವುದು ವಾಸಿ.

ಒಲಿಂಪಸ್ ಟಿಜಿ-6ರಂಥ ಕ್ಯಾಮೆರಾವನ್ನು ಟ್ಯಾಂಕಿನ ನೀರಿಗೇ ಇಳಿಸಬಹುದು. 15 ಮೀಟರ್ ಆಳದವರೆಗೆ ನೀರು ತಡೆಯುತ್ತದೆ, ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಲೆನ್ಸಿನಿಂದ 1 ಸೆಂ.ಮೀ. ದೂರದಲ್ಲೂ ಫೋಕಸ್ ಆಗುತ್ತದೆ, ರಾ ಫೈಲನ್ನೂ (ಕ್ಯಾಮೆರಾ ತಿದ್ದದೆ ಕೊಡುವ ಕಚ್ಚಾ ಚಿತ್ರ) ಕೊಡುತ್ತದೆ. ಗಾಜಿನ ಗೀರು, ಪಾಚಿ, ಓರೆ ಯಾವುದರ ಕಾಟವೂ ಇಲ್ಲ. ಬಂಡೆಯ ಮರೆಯಲ್ಲಿರುವ ಹವಳಕ್ಕೆ ಇದನ್ನು ಮೀರಿಸುವ ದಾರಿ ನನಗೆ ಕಂಡಿಲ್ಲ. ಮೀನುಗಳು ಮಾತ್ರ ಕೈ ಕಂಡ ಕೂಡಲೇ ಸಂದಿ ಸೇರುತ್ತವೆ. ಕೈಯಲ್ಲಿ ಸೋಪಿನ ಅಂಶ ಇರಬಾರದು. ಬಳಸಿದ ಮೇಲೆ ಕ್ಯಾಮೆರಾವನ್ನು ಸಿಹಿನೀರಿನಲ್ಲಿ ನೆನೆಸಿ ಒರೆಸಬೇಕು. ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಜೋವಾಂತಿಡ್ ಬಳಗದ ಕೆಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಕಡುವಿಷವಿರುತ್ತದೆ. ಫೋಟೋಗೆಂದು ಅವುಗಳನ್ನು ಸರಿಸುವುದಿದ್ದರೆ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಗಾಯವಿರುವ ಕೈಯನ್ನು ಒಳಗೆ ಇಡಲೇಬೇಡಿ.

ನೀಲಿ ಬೆಳಕೋ, ಬಿಳಿ ಬೆಳಕೋ, ಫ್ಲ್ಯಾಶೋ

ಲೆನ್ಸಿಗಿಂತ ಹೆಚ್ಚು ಚಿತ್ರಗಳನ್ನು ಕೆಡಿಸುವುದು, ಹೆಚ್ಚು ಚಿತ್ರಗಳನ್ನು ಉಳಿಸುವುದು ಬೆಳಕು. ಕಣ್ಣಿಗೆ ಹಸಿರು, ಕಿತ್ತಳೆಯಾಗಿ ಮಿನುಗುವ ಹವಳ ಫೋಟೋದಲ್ಲಿ ಬರೀ ನೀಲಿ ಮುದ್ದೆಯಾಗಿ ಬಂತು ಎಂಬ ದೂರು ಎಲ್ಲರದ್ದೂ.

ಕಾರಣ ಇದು. ಹವಳದ ಟ್ಯಾಂಕಿನ ಎಲ್‌ಇಡಿಗಳ ಹೆಚ್ಚಿನ ಬೆಳಕು 450 ನ್ಯಾನೋಮೀಟರ್ ಸುತ್ತಮುತ್ತಲಿನ ನೀಲಿ. ಹವಳದ ಮೈಯಲ್ಲಿರುವ ಪ್ರೋಟೀನುಗಳು ಆ ನೀಲಿಯನ್ನು ಹೀರಿಕೊಂಡು ಹಸಿರು, ಕೆಂಪಾಗಿ ಹೊರಬಿಡುತ್ತವೆ. ಒಸಾಮು ಶಿಮೊಮುರಾ 1962ರಲ್ಲಿ ಒಂದು ಜೆಲ್ಲಿ ಮೀನಿನಲ್ಲಿ ಇಂಥ ಹಸಿರು ಪ್ರೋಟೀನನ್ನು ಗುರುತಿಸಿದರು. ಆ ಕೆಲಸಕ್ಕೆ 2008ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಅದೇ ಬಳಗದ ಕೆಂಪು ಪ್ರೋಟೀನು 1999ರಲ್ಲಿ ಸಿಕ್ಕಿದ್ದು ಡಿಸ್ಕೋಸೋಮಾದಲ್ಲಿ, ನಾವು ಟ್ಯಾಂಕಿನಲ್ಲಿ ಬೆಳೆಸುವ ಅದೇ ಅಣಬೆ ಹವಳದಲ್ಲಿ. ಹೊರಬರುವ ಈ ಬೆಳಕು ಮೇಲಿಂದ ಸುರಿಯುವ ನೀಲಿಗೆ ಹೋಲಿಸಿದರೆ ತೀರಾ ಮಂದ. ನಮ್ಮ ಕಣ್ಣು, ಮಿದುಳು ಹೊಂದಿಸಿಕೊಳ್ಳುತ್ತವೆ, ಸೆನ್ಸರ್ ಹೊಂದಿಸಿಕೊಳ್ಳುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ಹೊಂದಿಕೊಳ್ಳುವ ವ್ಯವಸ್ಥೆ, 10,000 ಕೆಲ್ವಿನ್ ಹತ್ತಿರ (ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿ) ನಿಂತುಬಿಡುತ್ತದೆ, ಟ್ಯಾಂಕಿನ ಬೆಳಕೋ 20,000ದ ಆಚೆ ಇರುತ್ತದೆ.

ಹವಳಕ್ಕೆ ಮೂರು ದಾರಿಗಳಿವೆ. ಎಲ್‌ಇಡಿಯ ಬಿಳಿ ಚಾನೆಲ್ ಏರಿಸಿ, ನೀಲಿಯನ್ನು ಸ್ವಲ್ಪ ಇಳಿಸಿ, ರಾ ಫೈಲಿನಲ್ಲಿ ತೆಗೆದು ಆಮೇಲೆ ತಿದ್ದುವುದು ಒಂದು. ಬಣ್ಣ ಸಹಜವಾಗಿ ಬರುತ್ತದೆ, ಮಿನುಗು ಸ್ವಲ್ಪ ಕಡಿಮೆ. ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಹಾಕುವುದು ಎರಡನೆಯದು. ನೀಲಿಯ ಒಂದು ಪಾಲನ್ನು ಅದು ತಡೆಯುವುದರಿಂದ ಕಣ್ಣಿಗೆ ಕಂಡದ್ದಕ್ಕೆ ಬಹಳ ಹತ್ತಿರದ ಚಿತ್ರ ಸಿಗುತ್ತದೆ. ಗಾಢ ಕಿತ್ತಳೆ ಫಿಲ್ಟರ್ ಮೂರನೆಯದು. ಅದು ನೀಲಿಯನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿ, ಕಪ್ಪು ಹಿನ್ನೆಲೆಯಲ್ಲಿ ಕೆಂಡದಂತೆ ಹೊಳೆಯುವ ಪಾಲಿಪ್‌ಗಳನ್ನಷ್ಟೇ ಉಳಿಸುತ್ತದೆ. ನೋಡಲು ಮೋಹಕ. ಆದರೆ ಆ ಹವಳವನ್ನು ಯಾರೂ ಹಾಗೆ ಬರಿಗಣ್ಣಿನಿಂದ ಕಂಡಿರುವುದಿಲ್ಲ. ಹವಳ ಮಾರುವವರು ಇಂಥ ಚಿತ್ರ ತೋರಿಸಿದಾಗ ಕೊಳ್ಳುವವರಿಗೆ ಆಗುವ ನಿರಾಸೆ ನನಗೆ ಗೊತ್ತು. ಹಾಗಾಗಿ ನನ್ನ ಮತ ಹಳದಿಗೆ. ಜಿಲೆಟಿನ್ ಹಾಳೆಗಿಂತ ಗಾಜಿನ ಫಿಲ್ಟರ್ ಚೂಪನ್ನು ಉಳಿಸುತ್ತದೆ.

ಹವಳಕ್ಕೆ ಫ್ಲ್ಯಾಶ್ ಬೇಡ. ಬಿಳಿ ಮಿಂಚು ಆ ಮಂದವಾದ ಮಿನುಗನ್ನು ಮುಳುಗಿಸಿಬಿಡುತ್ತದೆ, ಹವಳ ಮಾಸಲು ಕಂದಾಗಿ ಕಾಣುತ್ತದೆ.

ಮೀನಿಗೆ ಇದೆಲ್ಲ ತಿರುಗುಮುರುಗು. ಎಲ್‌ಇಡಿ ಬೆಳಕಿನಲ್ಲಿ ಎಫ್ 8 ಅಪರ್ಚರ್ (ಈ ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಚಿಕ್ಕದು), ಸೆಕೆಂಡಿನ 1/250 ಶಟರ್ ವೇಗ ಬೇಕೆಂದರೆ ಸೆನ್ಸರ್ ಬೆಳಕಿಗೆ ಸ್ಪಂದಿಸುವ ಅಳತೆಯಾದ ಐಎಸ್‌ಒ 3200 ದಾಟಿ ಚಿತ್ರ ಮರಳುಮರಳಾಗುತ್ತದೆ. ಸದಾ ಓಡುವ ರಾಸ್ ಮೀನಿಗೆ ಆ ವೇಗವೂ ಸಾಲದು. ಕಡಿಮೆ ಶಕ್ತಿಯಲ್ಲಿಟ್ಟ ಫ್ಲ್ಯಾಶ್ ಹೊತ್ತಿ ಆರುವುದು ಸೆಕೆಂಡಿನ ಹಲವು ಸಾವಿರದ ಒಂದು ಭಾಗದಲ್ಲಿ, ಮೀನು ಅಲ್ಲೇ ನಿಂತಂತಾಗುತ್ತದೆ. ಕ್ಯಾಮೆರಾದ ನೆತ್ತಿಯ ಮೇಲಿಟ್ಟ ಫ್ಲ್ಯಾಶ್ ಮಾತ್ರ ಬೇಡ. ಗಾಜಿನಲ್ಲಿ ಬಿಳಿ ಕಲೆ ಮೂಡುತ್ತದೆ, ನೀರಿನ ಕಣಗಳೆಲ್ಲ ಮಂಜು ಸುರಿದಂತೆ ಹೊಳೆಯುತ್ತವೆ. ವೈರ್‌ಲೆಸ್ ಟ್ರಿಗರ್ ಹಾಕಿ ಫ್ಲ್ಯಾಶನ್ನು ಟ್ಯಾಂಕಿನ ಮೇಲಿಂದ ಕೆಳಮುಖವಾಗಿ ಇಡಿ. ಸೂರ್ಯ ಮೇಲಿಂದ ಬೆಳಗಿದ ಹಾಗೆ ಮೀನಿನ ಬೆನ್ನು, ರೆಕ್ಕೆಗಳ ಅಂಚು ಎದ್ದು ಕಾಣುತ್ತವೆ. ಅದು ನೀರಿಗೆ ಬೀಳದಂತೆ ಎರಡು ಕಡೆ ಬಿಗಿಯಾಗಿ ಕಟ್ಟಿ, ಉಪ್ಪುನೀರು ಮತ್ತು ಕರೆಂಟಿನ ಜೊತೆ ಆಟ ಬೇಡ. ಟ್ಯಾಂಕಿನ ದೀಪಗಳು ಉರಿಯುತ್ತಿರುವಾಗಲೇ ಬಳಸಿ, ಕತ್ತಲಲ್ಲಿ ಮಲಗಿದ ಮೀನಿನ ಮೇಲೆ ಹೊಡೆಯಬೇಡಿ.

ಕೆಲವು ಎಲ್‌ಇಡಿಗಳು ಕಣ್ಣಿಗೆ ಕಾಣದ ವೇಗದಲ್ಲಿ ಮಿಟುಕುತ್ತವೆ. ಚಿತ್ರದಲ್ಲಿ ಅಡ್ಡಪಟ್ಟಿ ಬಂದರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ವೇಗ ಸ್ವಲ್ಪ ಇಳಿಸಿ.

ಟ್ರೈಪಾಡೋ, ಕೈಯೋ

ಹವಳಕ್ಕೆ ಟ್ರೈಪಾಡ್, ಮೀನಿಗೆ ಕೈ. ಇದರಲ್ಲಿ ಹೆಚ್ಚು ಯೋಚಿಸುವುದಕ್ಕಿಲ್ಲ. ಯೋಚಿಸಬೇಕಾದದ್ದು ಫೋಕಸ್ ಆಳದ ಬಗ್ಗೆ. ಫುಲ್ ಫ್ರೇಮ್‌ನಲ್ಲಿ 1:1ಕ್ಕೆ ಎಫ್ 8 ಇಟ್ಟರೆ ಚೂಪಾಗಿ ಕಾಣುವ ಆಳ ಸುಮಾರು 1 ಮಿ.ಮೀ. ಎಫ್ 16 ಇಟ್ಟರೆ ಸುಮಾರು 2. ಆದರೆ 1:1ರಲ್ಲಿ ಎಫ್ 16 ನಿಜವಾಗಿ ಎಫ್ 32ರಂತೆ ವರ್ತಿಸುತ್ತದೆ, ಬೆಳಕಿನ ವಿವರ್ತನೆಯಿಂದ (ಸಣ್ಣ ಕಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮೆತ್ತಗಾಗುತ್ತದೆ. ಅದಕ್ಕೇ ಎಫ್ 8ರಿಂದ 11ರ ನಡುವೆ ನಿಂತು, ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ 10–20 ಚಿತ್ರ ತೆಗೆದು, ಕಂಪ್ಯೂಟರ್‌ನಲ್ಲಿ ಒಂದಾಗಿಸುವ ಫೋಕಸ್ ಸ್ಟ್ಯಾಕಿಂಗ್ ಹವಳಕ್ಕೆ ಒಳ್ಳೆಯದು. ಟ್ಯಾಂಕಿನ ನೀರನ್ನು ಅಲುಗಿಸುವ ಪಂಪುಗಳನ್ನು ನಿಲ್ಲಿಸದೆ ಇದು ಆಗದ ಕೆಲಸ.

ಒಂದು ಸಂಜೆ ಹೀಗೆ ಪಂಪ್ ನಿಲ್ಲಿಸಿ ಒಂದೇ ಜೋವಾಂತಿಡ್ ಪಾಲಿಪಿನ ಮುಂದೆ ಕೂತಿದ್ದೆ. ಕ್ಯಾಮೆರಾದ ಪರದೆಯ ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿದಾಗ ಬಾಯಿಯ ಸುತ್ತಲಿನ ಹಸಿರು ತಟ್ಟೆಯ ಮೇಲೆ ತೆಳು ನೇರಳೆ ಗೆರೆಗಳು ಚಕ್ರದ ಅರೆಕಾಲಿನಂತೆ ಹರಡಿದ್ದವು. ಅಂಚಿನ ಕಿತ್ತಳೆ ಎಳೆಗಳಲ್ಲಿ ಒಂದು ಮಾತ್ರ ಒಳಕ್ಕೆ ಮಡಿಚಿ, ನಿಧಾನವಾಗಿ ಬಿಚ್ಚಿಕೊಂಡಿತು. ಆ ಎಳೆ ನಿಲ್ಲಲಿ ಎಂದು ಕಾದು, ತೆಗೆದು, ಮತ್ತೆ ಕಾದು, ಪಂಪ್ ನೆನಪಾದಾಗ ಮುಕ್ಕಾಲು ಗಂಟೆ ಕಳೆದಿತ್ತು. ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಆಡಿಸುತ್ತಿದ್ದವು. ಯಾವುದಕ್ಕೂ ಏನೂ ಆಗಲಿಲ್ಲ, ಆದರೆ ಆ ನೋಟ ಇನ್ನೂ ಚುಚ್ಚುತ್ತದೆ. ಈಗ ಪಂಪಿನ ಸ್ವಿಚ್‌ಗೆ ಕೈ ಹಾಕುವ ಮೊದಲೇ ಮೊಬೈಲ್‌ನಲ್ಲಿ 10 ನಿಮಿಷದ ಅಲಾರಂ ಇಡುತ್ತೇನೆ.

ಮೀನಿಗೆ ಫೋಕಸ್ ಸ್ಟ್ಯಾಕಿಂಗ್ ಆಗದು. ಕಣ್ಣು ಚೂಪಾಗಿರಬೇಕು, ಬಾಲ ಮಂಕಾದರೂ ಪರವಾಗಿಲ್ಲ. ಪ್ರತಿ ಮೀನಿಗೂ ಒಂದು ಸುತ್ತುದಾರಿ ಇರುತ್ತದೆ. ಮ್ಯಾಂಡರಿನ್ ಮೀನು ಬಂಡೆಯ ಅದೇ ಬುಡವನ್ನು ಕುಕ್ಕುತ್ತಾ ಮತ್ತೆ ಮತ್ತೆ ಬರುತ್ತದೆ. ಅದನ್ನು ಅಟ್ಟಿಸಿಕೊಂಡು ಹೋಗುವ ಬದಲು ಅದು ಬರುವ ಜಾಗಕ್ಕೆ ಮೊದಲೇ ಫೋಕಸ್ ಮಾಡಿ ಕಾಯಿರಿ.

ಗಾಜಿನ ಮೂಲಕವೋ, ಮೇಲಿಂದಲೋ

ಗಾಜಿನ ಮೂಲಕ ತೆಗೆಯುವಾಗ ಲೆನ್ಸ್ ಗಾಜಿಗೆ ನೇರವಾಗಿ, ಲಂಬವಾಗಿ ಇರಬೇಕು. ಓರೆಯಾದಷ್ಟೂ ಬಣ್ಣಗಳು ಬಿಡಿಬಿಡಿಯಾಗಿ ಅಂಚುಗಳಲ್ಲಿ ಸೋರುತ್ತವೆ. ಎಷ್ಟು ದುಬಾರಿ ಲೆನ್ಸ್ ಆದರೂ ಇದನ್ನು ತಪ್ಪಿಸಲಾರದು. ಲೆನ್ಸಿನ ಮೂತಿಗೆ ಹಾಕುವ ಮೃದುವಾದ ರಬ್ಬರ್ ಹುಡ್ಡನ್ನು ಗಾಜಿಗೆ ಒತ್ತಿದರೆ ಪ್ರತಿಫಲನವೂ ಹೋಗುತ್ತದೆ, ಲೆನ್ಸ್ ನೇರವೂ ನಿಲ್ಲುತ್ತದೆ. ಕೋಣೆಯ ದೀಪ ಆರಿಸಿ. ಒಳಗಾಜಿನ ಪಾಚಿಯನ್ನು ಹಿಂದಿನ ದಿನವೇ ಉಜ್ಜಿಬಿಡಿ, ಅದೇ ದಿನ ಉಜ್ಜಿದರೆ ಪುಡಿಯೆಲ್ಲ ನೀರಿನಲ್ಲಿ ತೇಲುತ್ತಿರುತ್ತದೆ. ಮುಂಗಾಜು ಬಾಗಿದ ಟ್ಯಾಂಕಿನಲ್ಲಿ ಪಕ್ಕದ ಚಪ್ಪಟೆ ಗಾಜಿನಿಂದ ತೆಗೆಯಿರಿ. ಅಕ್ರಿಲಿಕ್ ಟ್ಯಾಂಕಾದರೆ ಹುಡ್ಡಿನ ಅಂಚಿನಲ್ಲಿ ಮರಳಿನ ಒಂದು ಕಣವೂ ಇರದಂತೆ ನೋಡಿಕೊಳ್ಳಿ, ಅಕ್ರಿಲಿಕ್‌ಗೆ ಬೇಗ ಗೀರು ಬೀಳುತ್ತದೆ.

ಹವಳದ ಬಣ್ಣ ಅತ್ಯಂತ ಚೆನ್ನಾಗಿ ಕಾಣುವುದು ಮೇಲಿಂದ, ಬೆಳಕು ಬೀಳುವ ದಿಕ್ಕಿನಿಂದಲೇ ನೋಡಿದಾಗ. ಅಣಬೆ ಹವಳ, ಅಕ್ರೋಪೊರಾ ಎರಡಕ್ಕೂ ಮೇಲಿನ ನೋಟವೇ ಅಂದ. ಪಂಪ್ ನಿಂತು ನೀರು ಕನ್ನಡಿಯಾದಾಗ ನೇರವಾಗಿ ತೆಗೆಯಬಹುದು. ತಳ ಚಪ್ಪಟೆಯಿರುವ ಪಾರದರ್ಶಕ ಅಕ್ರಿಲಿಕ್ ಡಬ್ಬಿಯನ್ನು ನೀರಿನ ಮೇಲೆ ತೇಲಿಸಿ, ಅದರೊಳಗಿಂದ ಲೆನ್ಸ್ ಇಳಿಬಿಟ್ಟರೆ ಇನ್ನೂ ವಾಸಿ. ಅಲೆಯೂ ಇಲ್ಲ, ಲೆನ್ಸ್ ಹವಳಕ್ಕೆ ಹತ್ತಿರವೂ ಆಗುತ್ತದೆ, ಗಿಡ್ಡ ಮೂತಿ ದೂರದ 60 ಮಿ.ಮೀ.ಗೂ ಇಲ್ಲಿ ಬೆಲೆ ಬರುತ್ತದೆ. ನನ್ನ ಆ ಮೊದಲ ಲೆನ್ಸ್ ಈಗ ಬಳಕೆಯಾಗುತ್ತಿರುವುದು ಇಲ್ಲೇ. ಕ್ಯಾಮೆರಾದ ಪಟ್ಟಿ ಕುತ್ತಿಗೆಯಲ್ಲಿ ಇರಲಿ. ಡಬ್ಬಿಯ ತಳಕ್ಕೆ ಅಂಟಿದ ಗುಳ್ಳೆಗಳನ್ನು ಬೆರಳಿನಿಂದ ಸವರಿ ತೆಗೆದು, ಫಿಲ್ಟರಿನ ಮೇಲೆ ಸಿಡಿದ ಉಪ್ಪುನೀರು ಒಣಗುವ ಮೊದಲೇ ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ಒಣಗಿದ ಮೇಲೆ ಒರೆಸಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ.